ಭಾವನ ಸೌತೆಕಾಯಿ

ಭಾವ ಸತ್ತಿದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರಾಯಿತು ಎಂದು ಮುಂದೂಡಿದರೆ ಏನಾಗುತ್ತದೆ ಎನ್ನುವುದು ನನಗೆ ಈಗ ಚೆನ್ನಾಗಿ ಗೊತ್ತು.

ಭಾವ ಎಂದರೆ ನನ್ನ ಗಂಡನ ಅಣ್ಣನೂ ಅಲ್ಲ, ಅಕ್ಕನ ಗಂಡನೂ ಅಲ್ಲ. ಅದೊಂದು ಮೀನು. ಪಕ್ಕದ ಅಂಗಡಿಯ ಗಡಿಯಾರದಣ್ಣನ ಗಾಜಿನ ತೊಟ್ಟಿಯಲ್ಲಿ ಹನ್ನೊಂದು ವರ್ಷ ಬಾಳಿದ ಕ್ಯಾಟ್‌ಫಿಶ್. ಅಂಗೈಯಷ್ಟು ಉದ್ದ, ಕಪ್ಪು ಮೈಮೇಲೆ ಬಿಳಿ ಚುಕ್ಕೆ, ಮೂತಿಯ ಸುತ್ತ ಮುಳ್ಳು ಮುಳ್ಳು ಮೀಸೆ. ಹಗಲೆಲ್ಲ ಮರದ ತುಂಡಿನ ಕೆಳಗೆ ಬಿದ್ದುಕೊಂಡಿರುವುದು, ತೊಟ್ಟಿಯ ದೀಪ ಆರಿಸಿದ ಮೇಲೆ ಎದ್ದು ಬಂದು ತಿನ್ನುವುದು, ಇಷ್ಟೇ ಅದರ ಕೆಲಸ. ಅಣ್ಣನ ಹೆಂಡತಿ ಅದನ್ನು ನೋಡಿ, "ಥೇಟ್ ನಿಮ್ಮ ಭಾವನೇ ಬಂದು ಠಿಕಾಣಿ ಹೂಡಿದ ಹಾಗಿದೆ. ಉಣ್ಣೋದು, ಮಲಗೋದು" ಎಂದಿದ್ದರಂತೆ. ಅವತ್ತಿನಿಂದ ಅದು ಭಾವ. ಹೆಸರಿಟ್ಟ ಆಕೆ ತೀರಿಕೊಂಡು ಎರಡು ವರ್ಷವಾಯಿತು. ಹೆಸರು ಮಾತ್ರ ಉಳಿಯಿತು.

ನನ್ನದು ಮೆಟ್ಟಿಲ ಕೆಳಗಿನ ತರಕಾರಿ ಅಂಗಡಿ. ಬೀದಿಯವರಿಗೆಲ್ಲ ನಾನು ಸೊಪ್ಪಿನಕ್ಕ. ನನ್ನ ಬುಟ್ಟಿಗಳಿಗೂ ಅಣ್ಣನ ಕಿಟಕಿಗೂ ನಡುವೆ ನಾಲ್ಕು ಹೆಜ್ಜೆ. ಕೂತಲ್ಲಿಂದಲೇ ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರದ ಹೊಟ್ಟೆ ಬಗೆಯುವುದು ಕಾಣುತ್ತಿತ್ತು. ಪಕ್ಕದಲ್ಲೇ ತೊಟ್ಟಿ.

ಪ್ರತಿ ಸಂಜೆ ಅಂಗಡಿ ಮುಚ್ಚುವ ಮುಂಚೆ ಅಣ್ಣ ನನ್ನ ಹತ್ತಿರ ಬರುತ್ತಿದ್ದರು.

"ಏನಣ್ಣ, ಭಾವನಿಗೆ ಇವತ್ತೇನು ಅಡುಗೆ?"

"ಸೌತೆಕಾಯಿ ಕೊಡು ತಂಗಿ. ನಿನ್ನೆ ಬೀನ್ಸ್ ಆಯ್ತು, ಮೊನ್ನೆ ಪಾಲಕ್. ದಿನಾ ಒಂದೇ ಕೊಟ್ರೆ ಮುನಿಸ್ಕೊಳ್ತಾನೆ."

"ನಮ್ಮ ಮನೆಯವ್ರಿಗೆ ನಾನು ಇಷ್ಟು ಕೇಳಿ ಕೇಳಿ ಮಾಡ್ಹಾಕಿಲ್ಲ ನೋಡಿ."

"ಅದಕ್ಕೇ ಅವ್ರು ಸಣ್ಣಗಿದ್ದಾರೆ" ಎಂದು ನಗುತ್ತಿದ್ದರು.

ಅವರ ಉಪಚಾರ ನೋಡಿದರೆ ಯಾರಿಗಾದರೂ ಮೀನಾಗಿ ಹುಟ್ಟಬೇಕು ಅನ್ನಿಸಬೇಕು. ಸೌತೆಕಾಯಿಯನ್ನು ಉಜ್ಜಿ ತೊಳೆದು, ಸಿಪ್ಪೆ ಹೆರೆದು, ಬೀಜದ ತಿರುಳು ತೆಗೆದು, ಬೆರಳಗಲದ ಎರಡು ಬಿಲ್ಲೆ ಕೊಯ್ಯುತ್ತಿದ್ದರು. ಮೇಜಿನ ಪಕ್ಕದ ಪುಟ್ಟ ಒಲೆಯ ಮೇಲೆ ನೀರು ಕುದಿಸಿ ಎರಡು ನಿಮಿಷ ಹಾಕಿ ತೆಗೆಯುವುದು. ಉಪ್ಪು ಒಂದು ಹರಳೂ ಇಲ್ಲ. ಆರಿದ ಮೇಲೆ ಬಿಲ್ಲೆಗೆ ಸ್ಟೀಲ್ ಚಮಚದ ಹಿಡಿ ಚುಚ್ಚಿ ನೀರಿಗೆ ಬಿಡುವುದು, ತೇಲದೆ ತಳದಲ್ಲಿ ಕೂರಲಿ ಎಂದು. ಬೆಳಿಗ್ಗೆ ಬಂದವರು ಬಾಗಿಲು ತೆಗೆದ ಕೂಡಲೇ ಉಳಿದದ್ದನ್ನು ಎತ್ತಿ ಎಸೆಯುತ್ತಿದ್ದರು. ಬಿಟ್ಟರೆ ಕೊಳೆತು ನೀರು ಕೆಡುತ್ತದಂತೆ. ವಾರಕ್ಕೊಂದು ಸಲ ಸಿಹಿ, ಅಂದರೆ ಬೀಜ ತೆಗೆದ ಸೇಬಿನ ಚೂರೋ ಪಪ್ಪಾಯಿಯೋ, ಅದೂ ಎರಡು ಗಂಟೆ ಮಾತ್ರ. ನಿಂಬೆ, ಕಿತ್ತಳೆಯ ಜಾತಿ ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ.

"ಸಿಪ್ಪೆ ಯಾಕಣ್ಣ ತೆಗೀತೀರಿ? ಸಿಪ್ಪೇಲೇ ಅಲ್ವಾ ಸತ್ವ ಇರೋದು?" ಎಂದು ಒಮ್ಮೆ ಕೇಳಿದ್ದೆ.

"ನಿನ್ನ ಮೇಲೆ ಅನುಮಾನ ಅಲ್ಲ ತಂಗಿ. ಬೆಳೆದವನು ಏನು ಹೊಡೆದಿರ್ತಾನೋ ಏನೋ. ನಮಗಾದ್ರೆ ದೊಡ್ಡ ದೇಹ, ತಡ್ಕೊಳ್ಳುತ್ತೆ. ಇದು ಇಷ್ಟೇ ಇಷ್ಟು ಪ್ರಾಣ."

ಅವರು ಹಾಗೆಂದಾಗ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಕುಂಬಳಕಾಯಿ ಕಳ್ಳ ಯಾರು ಎಂದು ಅವರು ಕೇಳಿಯೇ ಇರಲಿಲ್ಲ.

ನನ್ನ ಅಂಗಡಿಯ ಹಿಂದೆ, ಗೋಣಿಚೀಲದ ಪರದೆಯ ಆಚೆ, ಒಂದು ನೀಲಿ ಬಕೆಟ್ ಇತ್ತು. ಮೂರು ವರ್ಷದ ಹಿಂದೆ ಎದುರು ಬದಿಯಲ್ಲಿ ಹೊಸ ತರಕಾರಿ ಅಂಗಡಿ ಬಂತು. ಅವನ ಬೆಂಡೆಕಾಯಿ, ಹೀರೆಕಾಯಿ, ಸೌತೆಕಾಯಿ ಎಲ್ಲ ಸಂಜೆಯವರೆಗೂ ಈಗಷ್ಟೇ ಬಳ್ಳಿಯಿಂದ ಕಿತ್ತ ಹಾಗೆ ಹಸಿರು. ನನ್ನವು ಮಧ್ಯಾಹ್ನಕ್ಕೇ ಮುಖ ಬಾಡಿಸಿಕೊಳ್ಳುತ್ತಿದ್ದವು. ಹತ್ತು ವರ್ಷದಿಂದ ನನ್ನಲ್ಲೇ ಕೊಳ್ಳುತ್ತಿದ್ದವರು ನನ್ನ ಕಡೆ ನೋಡದ ಹಾಗೆ ನೋಡಿ ರಸ್ತೆ ದಾಟತೊಡಗಿದರು. ಸಗಟು ಮಾರುಕಟ್ಟೆಯಲ್ಲಿ ಒಬ್ಬ ನನ್ನ ಗೋಳು ಕೇಳಿ ಒಂದು ಪೊಟ್ಟಣ ಕೈಗಿಟ್ಟ. ಹಸಿರು ಪುಡಿ. ಬಕೆಟ್ ನೀರಿಗೆ ಒಂದು ಚಮಚ, ಅದ್ದಿ ತೆಗೆದರೆ ಆಯಿತು. "ಎಲ್ರೂ ಮಾಡೋದೇ ಅಕ್ಕ, ನಿಮ್ಮೊಬ್ರಿಗೆ ಯಾಕೆ ಮಡಿ?" ಎಂದ. ಮಾರನೆಯ ದಿನವೇ ಹೋದವರು ವಾಪಸು ಬಂದರು. ಏನು ಸೊಪ್ಪಿನಕ್ಕ, ಇವತ್ತು ತರಕಾರಿ ಮದುವಣಗಿತ್ತಿ ಹಾಗಿದೆ ಎಂದರು. ನಾನೂ ಬೀಗಿದೆ.

ಆದರೆ ಮನೆಗೆ ಒಯ್ಯುವುದನ್ನು ನಾನು ಆ ನೀರಿಗೆ ಅದ್ದುತ್ತಿರಲಿಲ್ಲ. ನನ್ನ ಮಣೆಯ ಕೆಳಗೆ ಬೇರೆ ಬುಟ್ಟಿ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ, ಸೌತೆಕಾಯಿ ಎಂದರೆ ಪ್ರಾಣ ಬಿಡುತ್ತಾಳೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನನ್ನದು ಅದಕ್ಕಿಂತ ಕಡೆ. ತಿನ್ನುವುದು ಒಂದು ಬುಟ್ಟಿಯಿಂದ, ತಿನ್ನಿಸುವುದು ಇನ್ನೊಂದರಿಂದ. ಆಗ ಇದನ್ನೆಲ್ಲ ಹೀಗೆ ನೋಡಿರಲಿಲ್ಲ ಎಂದರೆ ಸುಳ್ಳು. ನೋಡಿದ್ದೆ, ನೋಡಿ ಬುಟ್ಟಿ ಮುಚ್ಚಿದ್ದೆ.

ಅಣ್ಣನ ಮಗಳಿಗೆ ದಿನ ತುಂಬಿತ್ತು. ಅವಳು ಇರುವುದು ದೂರದ ಊರಿನಲ್ಲಿ. ಹೆರಿಗೆಗೆ ತಾಯಿ ಇಲ್ಲದ ಮೇಲೆ ಅಪ್ಪನೇ ಹೋಗಬೇಕಲ್ಲ. ಹೊರಡುವ ದಿನ ಬೆಳಿಗ್ಗೆ ತೊಟ್ಟಿಯ ನೀರು ಬದಲಿಸಲು ನಿಂತರೆ ಅವರ ಬಕೆಟ್ಟಿನ ತಳ ಸೀಳಿತ್ತು.

"ತಂಗಿ, ನಿನ್ನ ನೀಲಿ ಬಕೆಟ್ ಒಂದರ್ಧ ಗಂಟೆ ಕೊಡ್ತೀಯಾ?"

"ಅದೂ ಸೋರುತ್ತೆ ಅಣ್ಣ" ಎಂದೆ.

ಅವರು ಮನೆಗೆ ಹೋಗಿ ತಾಮ್ರದ ಕೊಡ ತಂದರು. ಹೆಂಡತಿ ತವರಿನಿಂದ ತಂದ ಕೊಡ, ಕಂಠದ ಹತ್ತಿರ ಒಂದು ಸಣ್ಣ ತಗ್ಗು. ಅದರಲ್ಲೇ ನಾಲ್ಕೈದು ಸಲ ಹೊತ್ತು ನೀರು ತುಂಬಿದರು. ಆಮೇಲೆ ನನ್ನ ಕೈಗೆ ಬೀಗದ ಕೈಯನ್ನೂ ಒಂದು ಕಾಗದವನ್ನೂ ಕೊಟ್ಟರು. ಗಡಿಯಾರ ರಿಪೇರಿಯ ಅಕ್ಷರ, ಇರುವೆ ಸಾಲಿನಷ್ಟು ಸಣ್ಣದು. ಎಷ್ಟು ದಪ್ಪ ಕೊಯ್ಯಬೇಕು, ಎಷ್ಟು ನಿಮಿಷ ಬೇಯಬೇಕು, ಎಷ್ಟು ಹೊತ್ತಿಗೆ ತೆಗೆಯಬೇಕು, ಎಲ್ಲ ಇತ್ತು. ಕೊನೆಯಲ್ಲಿ 'ಸಿಪ್ಪೆ ತೆಗೆಯಲೇಬೇಕು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಆ ಎರಡು ಗೆರೆ ನನಗೆ ಚುಚ್ಚಿತು. ನನ್ನ ತರಕಾರಿಗೆ ಗೆರೆ ಎಳೆಯುತ್ತಾರೆಯೇ ಎಂದು ಸಿಟ್ಟು ಬಂತು. ನೋಡಿ ನನ್ನ ಜಾಣತನ. ಬಣ್ಣಕ್ಕೆ ಅದ್ದುವವಳು ನಾನೇ, ಅವಮಾನವಾಯಿತು ಎನ್ನುವವಳೂ ನಾನೇ.

ಆದರೂ ಮೊದಲ ಮೂರು ದಿನ ಕಾಗದದಲ್ಲಿದ್ದ ಹಾಗೇ ನಡೆದೆ. ಮನೆ ಬುಟ್ಟಿಯ ಸೌತೆಕಾಯಿ, ಸಿಪ್ಪೆ ತೆಗೆದು, ಬೇಯಿಸಿ, ಚಮಚಕ್ಕೆ ಚುಚ್ಚಿ. ಭಾವ ಬೆಳಿಗ್ಗೆಗೆ ಬಳೆಯಂತೆ ಅಂಚು ಮಾತ್ರ ಉಳಿಸಿದ್ದ. ನನಗೂ ಖುಷಿಯಾಯಿತು. ಏನೋ ಭಾವಯ್ಯ, ಬೀಗರೂಟ ಸಾಕಾಯ್ತಾ ಎಂದು ಮಾತಾಡಿಸಿದೆ.

ನಾಲ್ಕನೆಯ ದಿನ ಮನೆ ಬುಟ್ಟಿಯಲ್ಲಿ ಒಂದೇ ಸೌತೆಕಾಯಿ ಇತ್ತು. ಅದು ಮೊಮ್ಮಗಳಿಗೆ. ಸಂಜೆ ಅಂಗಡಿಯ ಮುಂದೆ ಜನ, ಕೈಯಲ್ಲಿ ತಕ್ಕಡಿ, ಹೊತ್ತು ಬೇರೆ ಮೀರಿತ್ತು. ನಾನು ಮುಂದಿನ ಬುಟ್ಟಿಯಿಂದ ಒಂದು ಎತ್ತಿಕೊಂಡೆ. ಆಗಷ್ಟೇ ಬಕೆಟ್ಟಿನಿಂದ ತೆಗೆದದ್ದು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೈ ಒಂದು ಗಳಿಗೆ ನಿಂತಿತು. ಮೀನಿಗೇನು ಗೊತ್ತಾಗುತ್ತದೆ ಎಂದುಕೊಂಡೆ. ಸಿಪ್ಪೆ ಹೆರೆಯಲಿಲ್ಲ. ಬೇಯಿಸಲೂ ಇಲ್ಲ. ನಾಲ್ಕು ದಪ್ಪ ಬಿಲ್ಲೆ ಕೊಯ್ದು ಹಾಗೇ ಬಿಟ್ಟೆ. ಬೇಯಿಸದ್ದು ಗಟ್ಟಿ, ಬೇಗ ತಿನ್ನಲಾರ, ಇರಲಿ ಎಂದು ಬೆಳಿಗ್ಗೆ ತೆಗೆಯಲೂ ಇಲ್ಲ. ಮರುದಿನ ಸಂಜೆ ಅದರ ಪಕ್ಕಕ್ಕೆ ಇನ್ನೆರಡು ಹಾಕಿದೆ. ಬಕೆಟ್ ಕೊಡಬಾರದು ಎಂದು ಗೊತ್ತಿದ್ದವಳಿಗೆ ಸೌತೆಕಾಯಿ ಕೊಡಬಾರದು ಎಂದು ಗೊತ್ತಿರಲಿಲ್ಲವೇ? ಈ ಪ್ರಶ್ನೆಗೆ ನಾನು ಎಷ್ಟು ಸಲ ಎಷ್ಟು ಉತ್ತರ ಕೊಟ್ಟುಕೊಂಡಿದ್ದೇನೋ. ಒಂದೂ ನಿಲ್ಲುವುದಿಲ್ಲ.

ಆರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಗಾಜಿಗೆ ಅಂಟಿಕೊಂಡಿರುತ್ತಿದ್ದ ಪುಟ್ಟ ಬಸವನಹುಳುಗಳೆಲ್ಲ ತಳಕ್ಕೆ ಉದುರಿದ್ದವು. ಹಗಲು ಹೊತ್ತಿನಲ್ಲಿ ಎಂದೂ ಮೇಲೆ ಬಾರದ ಭಾವ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಬ ಗಬ ಉಸಿರೆಳೆಯುತ್ತಿದ್ದ. ಬಿಲ್ಲೆಗಳನ್ನೆಲ್ಲ ಬಾಚಿ ತೆಗೆದೆ. ಒಲೆಯ ಪಕ್ಕದ ಪಾತ್ರೆಯಲ್ಲಿ ಅರ್ಧ ನೀರು ಹೊರಗೆ ಹಾಕಿ ಹೊಸ ನೀರು ಸುರಿದೆ. ಅಂಗಡಿ ತೆರೆಯದೆ ಮಧ್ಯಾಹ್ನದವರೆಗೂ ಅಲ್ಲೇ ಸ್ಟೂಲ್ ಮೇಲೆ ಕೂತೆ. "ಸ್ವಲ್ಪ ತಡ್ಕೋ, ನಿನ್ನ ಯಜಮಾನ್ರು ಬರ್ತಾರೆ, ಸ್ವಲ್ಪ ತಡ್ಕೋ" ಎನ್ನುತ್ತಿದ್ದೆ. ಊಟದ ಹೊತ್ತಿಗೆ ಭಾವ ಮರದ ತುಂಡಿನ ಪಕ್ಕ ಹೊಟ್ಟೆ ಮೇಲಾಗಿ ಮಲಗಿದ. ಅದರ ಹೊಟ್ಟೆ ಅಷ್ಟು ಬಿಳಿ ಇದೆ ಎಂದು ಹನ್ನೊಂದು ವರ್ಷದಲ್ಲಿ ನಾನು ನೋಡಿರಲಿಲ್ಲ.

ಫೋನಿನಲ್ಲಿ ಹೇಳಿದೆ, ಭಾವ ಹೋದ ಎಂದಷ್ಟೇ. ಅವರೇ, "ನೀನು ಅಳಬೇಡ ತಂಗಿ. ವಯಸ್ಸಾಗಿತ್ತು" ಎಂದರು.

ಹತ್ತು ದಿನ ಕಳೆದು ಬಂದರು. ಮೊಮ್ಮಗ ಹುಟ್ಟಿದ್ದ. ನನಗೆ ಮೊದಲು ಸಕ್ಕರೆ ಕೊಟ್ಟು, ಆಮೇಲೆ ತೊಟ್ಟಿಯ ಮುಂದೆ ಕೂತರು. ತಳದಲ್ಲಿ ಬಿದ್ದಿದ್ದ ಒಂದು ಬಸವನಹುಳುವಿನ ಚಿಪ್ಪನ್ನು ಎತ್ತಿ ಮಸೂರದಡಿ ಹಿಡಿದು ನೋಡಿದರು.

"ಇವೂ ಸತ್ತೋದ್ವಾ? ಎಲ್ಲಾನೂ?"

"ಹೂಂ ಅಣ್ಣ. ಮೊದ್ಲು ಅವೇ."

ಅವರ ಮುಖ ಸಪ್ಪಗಾಯಿತು. "ಮುದಿತನ ಅಲ್ಲ ಹಾಗಾದ್ರೆ. ತಾಮ್ರ. ಮೀನಿನ ಅಂಗಡಿಯವನು ಬಡ್ಕೊಂಡಿದ್ದ ನಂಗೆ, ತಾಮ್ರ ತಾಗಿಸ್ಬೇಡಿ, ಹುಳ ಮೊದ್ಲು ಸಾಯುತ್ತೆ, ಆಮೇಲೆ ಮೀನು ಅಂತ. ಅವತ್ತು ಅವಸರದಲ್ಲಿ ಆ ಕೊಡದಲ್ಲೇ ನೀರು ತುಂಬಿದ್ನಲ್ಲ. ನಾನೇ ಕೊಂದೆ ತಂಗಿ ಅವನನ್ನ. ನನ್ನ ಕೈಯಾರೆ."

ನಾನು ಬಾಯಿ ತೆರೆದೆ. ಮಾತು ನಾಲಿಗೆಯ ತುದಿಯಲ್ಲಿತ್ತು.

"ಟೀ ಕುಡೀತೀರಾ ಅಣ್ಣ?" ಎಂದು ಕೇಳಿದೆ.

ಎರಡು ದಿನ ಕಳೆದು ಗುಜರಿಯವನ ತಳ್ಳುಗಾಡಿ ನಮ್ಮ ಬೀದಿಗೆ ಬಂತು. ಅಣ್ಣ ಒಳಗಿನಿಂದ ಆ ಕೊಡವನ್ನು ತಂದು ಗಾಡಿಯ ಮೇಲೆ ಇಟ್ಟರು. ಅವನು ತೂಗಲು ಹೋದರೆ, ತೂಗಬೇಡ, ಹಾಗೇ ತಗೊಂಡು ಹೋಗು, ಕಣ್ಣೆದುರಿಗೆ ಇರುವುದು ಬೇಡ ಎಂದರು. ನಾನು ಬೆಂಡೆಕಾಯಿ ಜೋಡಿಸುತ್ತಿದ್ದೆ. ಒಂದು ಮಾತು ಆಡಿದ್ದರೆ ಕೊಡ ಇಳಿಯುತ್ತಿತ್ತು. ಬೆಂಡೆಕಾಯಿಗಳ ತೊಟ್ಟನ್ನೆಲ್ಲ ಒಂದೇ ಕಡೆ ತಿರುಗಿಸಿ ಜೋಡಿಸಿದೆ. ಗಾಡಿ ತಿರುವು ದಾಟಿತು.

ಇಷ್ಟಾದ ಮೇಲಾದರೂ ಬಕೆಟ್ ಎಸೆದೆನೇ? ಇಲ್ಲ. ಮಾರನೆಯ ಬೆಳಿಗ್ಗೆಯೂ ಅದ್ದಿದೆ. ರಾಯರ ಕುದುರೆ ಬರುಬರುತ್ತಾ ಕತ್ತೆಯಾಯಿತು ಎನ್ನುತ್ತಾರಲ್ಲ, ನಾನು ಕುದುರೆಯಾಗಿದ್ದೆ ಎನ್ನುವುದಕ್ಕೂ ಸಾಕ್ಷಿ ಇಲ್ಲ. ಮೊಮ್ಮಗಳು ಸೌತೆಕಾಯಿ ಕಚ್ಚುವ ಸದ್ದು ಕೇಳಿದರೆ ಎದ್ದು ಹೋಗುತ್ತಿದ್ದೆ.

ತಿಂಗಳು ಕಳೆಯುವಷ್ಟರಲ್ಲಿ ಅಣ್ಣನ ಮಗಳು ಮಗುವನ್ನು ಎತ್ತಿಕೊಂಡು ಅಪ್ಪನ ಮನೆಗೆ ಬಂದಳು. ಮರುದಿನ ಬೆಳಿಗ್ಗೆ ಅಣ್ಣ ಒಂದು ದೊಡ್ಡ ಚೀಲ ಹಿಡಿದು ನನ್ನ ಮುಂದೆ ನಿಂತರು. ಭಾವ ಸತ್ತ ಮೇಲೆ ಅವರ ಮುಖದಲ್ಲಿ ನಗು ನೋಡಿದ್ದು ಅವತ್ತೇ.

"ಹಸಿಬಾಣಂತಿ ಮನೇಲಿದ್ದಾಳೆ ತಂಗಿ. ಹೀರೆಕಾಯಿ, ಸೋರೆಕಾಯಿ, ಬೀನ್ಸ್, ಏನೇನು ಬೇಕೋ ನೀನೇ ನೋಡಿ ಹಾಕು. ನಂಗೆ ಇದೆಲ್ಲ ಏನು ಗೊತ್ತು. ನಮ್ಮವಳಿದ್ದಿದ್ರೆ ನೋಡ್ಕೊಳ್ತಿದ್ಲು."

ನಾನು ಬಗ್ಗಿ ಮಣೆಯ ಕೆಳಗಿನ ಬುಟ್ಟಿ ಎಳೆದು ಅದರಿಂದ ತುಂಬತೊಡಗಿದೆ. ಇಷ್ಟಕ್ಕೇ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೆ.

"ಇದ್ಯಾಕಮ್ಮ, ಬಾಡಿರೋದು ಹಾಕ್ತಾ ಇದ್ದೀಯ? ಮುಂದೆ ಇರೋದು ಅಷ್ಟು ಹಸಿರಾಗಿದೆಯಲ್ಲ, ಅದನ್ನ ಕೊಡು. ಮಗೂಗೆ ಹಾಲೂಡಿಸೋಳು, ಒಳ್ಳೇದು ತಿನ್ಲಿ."

"ಅದು ಬೇಡ ಅಣ್ಣ."

"ಯಾಕೆ? ಬೇರೆ ಯಾರಿಗಾದ್ರೂ ಎತ್ತಿಟ್ಟಿದ್ದೀಯಾ?"

ಅವರೇ ಒಂದು ಸುಳ್ಳು ತಂದು ನನ್ನ ಕೈಗಿಟ್ಟಂತಾಯಿತು. ಹೂಂ ಎಂದರೆ ಸಾಕಿತ್ತು. ಅವರು ಆಗಲೇ ಒಂದು ಹೀರೆಕಾಯಿ ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ಬೆರಳಿನ ತುದಿಗೆ ಹಸಿರು ಹತ್ತಿತ್ತು.

"ಕೊಡದ್ದಲ್ಲ ಅಣ್ಣ ತಪ್ಪು" ಎಂದೆ.

"ಯಾವ ಕೊಡ?"

"ಅಕ್ಕನ ಕೊಡ. ಭಾವ ಸತ್ತಿದ್ದು ಅದರಿಂದಲ್ಲ. ನನ್ನಿಂದ."

ಒಂದೇ ಉಸಿರಿಗೆ ಹೇಳಿದೆ. ಪುಡಿ, ಬಕೆಟ್, ಸೋರುತ್ತದೆ ಎಂದ ಸುಳ್ಳು, ಹೆರೆಯದ ಸಿಪ್ಪೆ, ಎಲ್ಲ. ಪರದೆ ಸರಿಸಿ ಬಕೆಟ್ಟನ್ನೂ ತೋರಿಸಿದೆ. ಅಣ್ಣ ಬಕೆಟ್ಟಿನೊಳಗೆ ಬಹಳ ಹೊತ್ತು ನೋಡಿದರು.

"ಎಷ್ಟು ದಿನದಿಂದ?"

"ಮೂರು ವರ್ಷ ಆಯ್ತು."

"ನಿಮ್ಮನೇಲೂ ಇದೇ ತಿನ್ನೋದಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಳಗಿನ ಬುಟ್ಟಿ ನಮ್ಮಿಬ್ಬರ ನಡುವೆ ಬಾಯಿ ತೆರೆದುಕೊಂಡು ಕೂತಿತ್ತು. "ಇಲ್ಲ" ಎಂದೆ.

ಅವರು ಹೀರೆಕಾಯಿಯನ್ನು ಎಲ್ಲಿಂದ ಎತ್ತಿದ್ದರೋ ಅಲ್ಲೇ ಇಟ್ಟರು. ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಭಾವನಿಗೆ ಸಿಪ್ಪೆ ತೆಗೀತಿದ್ನಲ್ಲ ತಂಗಿ, ಆ ಸಿಪ್ಪೆ ಏನ್ಮಾಡ್ತಿದ್ದೆ ಗೊತ್ತಾ?"

ಇಲ್ಲವೆಂದು ತಲೆ ಆಡಿಸಿದೆ.

"ಎಸೆಯೋಕೆ ಮನಸ್ಸೇ ಬರ್ತಿರ್ಲಿಲ್ಲ. ತಂಗಿ ಆರಿಸಿ ಕೊಟ್ಟಿದ್ದು, ಇಷ್ಟು ಚೆನ್ನಾಗಿದೆ, ಹಾಳು ಮಾಡೋದ್ಯಾಕೆ ಅಂತ. ಉಪ್ಪು ಹಚ್ಚಿ ತಿಂತಿದ್ದೆ. ನಮ್ಮವಳು ಇರೋವಷ್ಟು ದಿನ ಅವಳಿಗೂ ಅರ್ಧ."

ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಅವರು ಹೊರಟರು. ಎದುರಿನ ಅಂಗಡಿಗೂ ಹೋಗಲಿಲ್ಲ. ನೇರ ಬಸ್ಸಿನ ಕಡೆ ನಡೆದರು.

ಅವರ ಹೆಂಡತಿಗೆ ಬಂದಿದ್ದ ಕಾಯಿಲೆ ಯಾವುದು ಎಂದು ನನಗೆ ಗೊತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಗೊತ್ತು. ದಿನಾ ಬೆಳಿಗ್ಗೆ ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅವತ್ತೇ ಗುಜರಿಯವನನ್ನು ಹುಡುಕಿಕೊಂಡು ಹೋದೆ. ಅವನು ಕೊಡವನ್ನು ಅದೇ ವಾರ ತಟ್ಟಿ ಚಪ್ಪಟೆ ಮಾಡಿ ಕರಗಿಸುವವರಿಗೆ ಕೊಟ್ಟಿದ್ದ. ಕಂಠದ ಹತ್ತಿರ ತಗ್ಗಿದ್ದ ಕೊಡ ಎಂದು ಎರಡು ಸಲ ಹೇಳಿದೆ. ಎಲ್ಲದಕ್ಕೂ ತಗ್ಗು ಇರುತ್ತದೆ ಅಕ್ಕ ಎಂದ.

ಬಕೆಟ್ಟನ್ನು ಚರಂಡಿಗೆ ಸುರಿಯಲು ಎತ್ತಿದವಳು ಅರ್ಧಕ್ಕೆ ನಿಂತೆ. ಚರಂಡಿಯ ನೀರು ಕೆರೆಗೆ ಹೋಗುತ್ತದೆ. ಬಕೆಟ್ ಈಗಲೂ ಹಿಂದೆ ಇದೆ, ಮೇಲೆ ಹಲಗೆ ಮುಚ್ಚಿ ಕಲ್ಲು ಹೇರಿದ್ದೇನೆ. ತರಕಾರಿ ಯಾಕೆ ಸಪ್ಪಗಿದೆ ಎಂದು ಕೇಳಿದವರಿಗೆ ಬಣ್ಣ ಹಾಕುವುದನ್ನು ನಿಲ್ಲಿಸಿದೆ ಎನ್ನುತ್ತೇನೆ. ಹಾಗಾದರೆ ಇಷ್ಟು ದಿನ ಹಾಕುತ್ತಿದ್ದೆಯಾ ಎನ್ನುತ್ತಾರೆ. ಹೌದು ಎನ್ನುತ್ತೇನೆ. ಕೆಲವರು ಬೈದು ಹೋದರು, ಕೆಲವರು ಬೈಯದೆ ಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನನ್ನದು ಒಂದು ಚಮಚ ಪುಡಿಗೆ ಹೋಯಿತು.

ಅಣ್ಣ ಈಗ ತರಕಾರಿಯನ್ನು ಎಲ್ಲಿಂದಲೋ ತರುತ್ತಾರೆ. ಕಿಟಕಿಯಲ್ಲಿ ತೊಟ್ಟಿ ಇನ್ನೂ ಇದೆ, ನೀರಿಲ್ಲ. ಒಣಗಿದ ಮರದ ತುಂಡು, ಪಕ್ಕದಲ್ಲಿ ಆ ಸ್ಟೀಲ್ ಚಮಚ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನಾನು ಮುಂದಿನ ಬುಟ್ಟಿಯಿಂದ ಒಂದು ಸೌತೆಕಾಯಿ ಎತ್ತಿ, ತೊಳೆದು, ಅವರ ಕಿಟಕಿಯ ಎದುರು ನಿಂತು ಸಿಪ್ಪೆ ಸಮೇತ ತಿನ್ನುತ್ತೇನೆ. ಅವರಿಗೆ ಕಾಣಲಿ ಎಂದು. ಅವರು ಮಸೂರದಿಂದ ತಲೆ ಎತ್ತುವುದಿಲ್ಲ.

ನಾನು ಪೂರ್ತಿ ತಿಂದು ಮುಗಿಸುತ್ತೇನೆ. ತುದಿ ಕಹಿಯಿದ್ದರೂ ಉಗುಳುವುದಿಲ್ಲ.